ಉದ್ಯಾನದ ಹತ್ತಿರ ಕಡಿಮೆ ಖರ್ಚಿನ ಪಾರ್ಕಿಂಗ್: ಮೊದಲೇ ಬುಕ್ ಮಾಡುವಾಗ ಏನೇನು ನೋಡಬೇಕು?

ನೆರಳುದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಗರದ ನಡುವೆ ಇರುವ ದೊಡ್ಡ ಉದ್ಯಾನವೊಂದಕ್ಕೆ ಭಾನುವಾರ ಕಾರಿನಲ್ಲಿ ಹೋಗಬೇಕಾಗಿದೆ. ಬೆಳಿಗ್ಗೆ 10ಕ್ಕೆ ತಲುಪಿ ಮಧ್ಯಾಹ್ನ 2ರ ಹೊತ್ತಿಗೆ ಹೊರಡುವ ಅಂದಾಜು. ಜೊತೆಗೆ ಮಂಡಿನೋವಿರುವ ಹಿರಿಯರೊಬ್ಬರು, ತಳ್ಳುಗಾಡಿಯಲ್ಲಿ ಕೂರುವ ಮಗು ಇರುತ್ತಾರೆ. ಅಂದು 11ರಿಂದ 1ರವರೆಗೆ ಉದ್ಯಾನದ ಬಯಲು ರಂಗಮಂದಿರದಲ್ಲಿ ಸಂಗೀತ ಕಾರ್ಯಕ್ರಮವೂ ಇದೆ, ಹಾಗಾಗಿ ಜನ ಜಾಸ್ತಿ.

ಪಾರ್ಕಿಂಗ್ ಆ್ಯಪ್‌ನಲ್ಲಿ ನೋಡಿದರೆ ಉದ್ಯಾನಕ್ಕೆ ಅಂಟಿಕೊಂಡಂತಿರುವ ಜಾಗದ ದರ ಎಲ್ಲಕ್ಕಿಂತ ಹೆಚ್ಚು. 700 ಮೀಟರ್ ಆಚೆ ಇರುವ ಕಚೇರಿ ಕಟ್ಟಡವೊಂದರ ಬೇಸ್‌ಮೆಂಟ್‌ನಲ್ಲಿ ಅದರ ಅರ್ಧದಷ್ಟಿದೆ. ಯಾವುದು ಸರಿ? ಬುಕ್ ಮಾಡಿದರೆ ನಮಗೆಂದೇ ಒಂದು ಜಾಗ ಎತ್ತಿಡುತ್ತಾರಾ? ದುಡ್ಡು ಕಟ್ಟಿದ ಮೇಲೆ ಗೇಟಿನಲ್ಲಿ ತಕರಾರು ಬರುವುದು ಎಲ್ಲಿ?

ಮೈಲಿಗಲ್ಲು

ಮೊದಲು ಉದ್ಯಾನದ ಯಾವ ಗೇಟು ಅಂತ ಗೊತ್ತುಮಾಡಿಕೊಳ್ಳಿ, ಪಾರ್ಕಿಂಗ್ ಹುಡುಕುವುದು ಆಮೇಲೆ. ಆ್ಯಪ್‌ನಲ್ಲಿ ಉದ್ಯಾನದ ಹೆಸರು ಹಾಕಿದರೆ ನಕ್ಷೆ ಅದರ ನಟ್ಟನಡುವೆ ಗುರುತು ನೆಡುತ್ತದೆ, ಕೆಲವೊಮ್ಮೆ ಕೆರೆಯ ನೀರಿನ ಮೇಲೇ. ಅಲ್ಲಿಂದ ದೂರ ಅಳೆದು ‘ಹತ್ತಿರದ್ದು’ ಎಂದು ತೋರಿಸಿದ ಜಾಗ ನಿಮಗೆ ಬೇಕಾದ ಗೇಟಿನ ಎದುರು ದಿಕ್ಕಿನಲ್ಲಿರಬಹುದು. ಚೌಕಾಕಾರದ 100 ಹೆಕ್ಟೇರ್ ಉದ್ಯಾನ ಅಂದರೆ ಒಂದೊಂದು ಬದಿಯೂ 1 ಕಿ.ಮೀ. ತಪ್ಪು ಬದಿಯಲ್ಲಿ ನಿಲ್ಲಿಸಿದರೆ ಉದ್ಯಾನದ ಒಳಗೇ ಅಷ್ಟು ನಡೆಯಬೇಕು, ಹೊರಗಿನದು ಬೇರೆ. ಆದ್ದರಿಂದ ಹೆಸರು ಬಿಟ್ಟು, ನಿಮ್ಮ ಗೇಟಿನ ಮೇಲೆ ಬೆರಳಿಟ್ಟು ಅಲ್ಲಿಂದ ಹುಡುಕಿ.

ದೂರವನ್ನು ನಡಿಗೆಯ ಹಾದಿಯಲ್ಲೇ ನೋಡಿ. ನಡುವೆ ರೈಲು ಹಳಿ, ಮೇಲ್ಸೇತುವೆ, ದಾಟಲಾಗದ ಡಿವೈಡರ್ ಇದ್ದರೆ ನೇರ ಗೆರೆಯ 300 ಮೀಟರ್ ಹೋಗಿ 900 ಆಗುತ್ತದೆ. ಸಲೀಸಾಗಿ ನಡೆಯುವವರು ನಿಮಿಷಕ್ಕೆ ಸುಮಾರು 80 ಮೀಟರ್ ಹೋಗುತ್ತಾರೆ, 700 ಮೀಟರಿಗೆ 9 ನಿಮಿಷ ಸಾಕು. ಮಂಡಿನೋವಿನವರು, ತಳ್ಳುಗಾಡಿ ಜೊತೆಗಿದ್ದರೆ ನಿಮಿಷಕ್ಕೆ 50 ಮೀಟರ್ ಎಂದೇ ಹಿಡಿಯಿರಿ. ಆಗ ಹೋಗಲು 14 ನಿಮಿಷ, ಬರಲು 14. ಹಿರಿಯರನ್ನು ಅಷ್ಟು ನಡೆಸುವುದು ಬೇಡ. ಗೇಟಿನ ಬಳಿ ಜನರನ್ನು ಇಳಿಸಿ ಹೋಗಲು ಬಿಡುವ ಜಾಗ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಅಲ್ಲಿ ಹಿರಿಯರು, ಮಗು, ಇನ್ನೊಬ್ಬ ದೊಡ್ಡವರು ಇಳಿಯಲಿ, ಓಡಿಸುವವರೊಬ್ಬರೇ ಆ ಅರ್ಧ ದರದ ಜಾಗಕ್ಕೆ ಹೋಗಿ ನಿಲ್ಲಿಸಿ ನಡೆದು ಬರಲಿ. ನಿಮ್ಮ ಸಂದರ್ಭಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಕಚೇರಿ ಕಟ್ಟಡದ ಜಾಗ ಭಾನುವಾರ ಅಗ್ಗವಾಗುವುದಕ್ಕೆ ಕಾರಣ ಸರಳ: ವಾರವಿಡೀ ತುಂಬಿರುವ ಬೇಸ್‌ಮೆಂಟ್ ಅಂದು ಖಾಲಿ ಬಿದ್ದಿರುತ್ತದೆ. ಕಾಲೇಜುಗಳದ್ದೂ ಹೀಗೆಯೇ. ಗೇಟಿನಿಂದ 500ರಿಂದ 900 ಮೀಟರ್ ದೂರದಲ್ಲಿ ಇಂಥವನ್ನೇ ಹುಡುಕಿ. ಮಾಲ್, ಸಿನಿಮಾ ಮಂದಿರಗಳು ರಜಾದಿನದಲ್ಲೇ ತುಂಬುವಂಥವು, ಅಲ್ಲಿ ಅಗ್ಗದ್ದು ಸಿಗುವುದು ಅಪರೂಪ. ಆಸ್ಪತ್ರೆಯ ಜಾಗವಂತೂ ಬೇಡವೇ ಬೇಡ, ಅದು ರೋಗಿಗಳಿಗೆ ಬೇಕು.

ಕಚೇರಿ ಬೇಸ್‌ಮೆಂಟ್‌ನಲ್ಲಿ ಎರಡು ವಿಷಯ ಕೇಳಿಕೊಳ್ಳಿ. ಭಾನುವಾರ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತಾರೆ? ರಜಾದಿನ ಮೆಟ್ಟಿಲು, ಲಿಫ್ಟು ತೆರೆದಿರುತ್ತವೆಯೇ? ಕಟ್ಟಡಕ್ಕೆ ಬೀಗ ಹಾಕಿ ಕಾರು ಬರುವ ರ‍್ಯಾಂಪ್ ಮಾತ್ರ ತೆರೆದಿಡುವ ಕಡೆ, ನಿಲ್ಲಿಸಿದವರು ಕಾರುಗಳ ನಡುವೆಯೇ ಆ ಏರು ಹತ್ತಿ ಬರಬೇಕಾಗುತ್ತದೆ. ಬಳಕೆದಾರರ ಅಭಿಪ್ರಾಯಗಳಲ್ಲಿ ‘ಮೆಟ್ಟಿಲು’, ‘ಲಿಫ್ಟ್’ ಎಂದು ಹುಡುಕಿದರೆ ಇದು ಬೇಗ ಗೊತ್ತಾಗುತ್ತದೆ.

ದರ ಹೋಲಿಸುವಾಗ ಗಂಟೆಯ ದರವೊಂದನ್ನೇ ನೋಡಬೇಡಿ, ಸಮಯವನ್ನು ಹೇಗೆ ಲೆಕ್ಕ ಹಿಡಿಯುತ್ತಾರೆ ನೋಡಿ. ಗಂಟೆ ಲೆಕ್ಕದ ಕಡೆ 4 ಗಂಟೆ 10 ನಿಮಿಷ ಆದರೆ ಸಾಮಾನ್ಯವಾಗಿ 5 ಗಂಟೆಯ ದುಡ್ಡು. ಸ್ಲ್ಯಾಬ್ ಲೆಕ್ಕದ ಕಡೆ ‘2ರಿಂದ 4 ಗಂಟೆ’ ಆದ ಮೇಲಿನ ಮೆಟ್ಟಿಲು ‘4ರಿಂದ 8 ಗಂಟೆ’ ಎಂದಿದ್ದರೆ ಆ ಹತ್ತೇ ನಿಮಿಷಕ್ಕೆ ಮೇಲಿನ ಸ್ಲ್ಯಾಬ್ ಪೂರ್ತಿ ಬೀಳುತ್ತದೆ. ಇಡೀ ದಿನದ ಗರಿಷ್ಠ ದರ ಗಂಟೆ ದರದ 5 ಪಟ್ಟೇ ಇದ್ದರೆ, 5 ಗಂಟೆಗೂ ಇಡೀ ದಿನಕ್ಕೂ ವ್ಯತ್ಯಾಸವೇ ಇಲ್ಲ, ನಿಶ್ಚಿಂತೆಯಿಂದ ದಿನದ್ದೇ ತೆಗೆದುಕೊಳ್ಳಬಹುದು. ನಿಮ್ಮ ಲೆಕ್ಕ ನಾಲ್ಕು ಗಂಟೆಯ ಗಡಿಯ ಮೇಲೇ ಕೂತಿದೆ, ಅದಕ್ಕೇ ಇಷ್ಟು ಹೇಳಿದೆ. 4, 4½, 5½ ಗಂಟೆಗೆ ಎಷ್ಟಾಗುತ್ತದೆ ಎಂದು ಪ್ರತಿ ಜಾಗಕ್ಕೂ ಹಾಕಿ ನೋಡಿ.

‘ಬೇಗ ಬಂದವರಿಗೆ ರಿಯಾಯಿತಿ’ ಎಂಬುದಕ್ಕೆ ಮರುಳಾಗಬೇಡಿ. ಅದರಲ್ಲಿ ಒಳಬರುವ ಕೊನೆಯ ಹೊತ್ತೂ ಇರುತ್ತದೆ, ಕೆಲವು ಕಡೆ ಇದಕ್ಕೂ ಮೊದಲು ಹೊರಹೋಗಬಾರದು ಎಂಬ ಹೊತ್ತೂ ಇರುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ರಿಯಾಯಿತಿ ಪೂರ್ತಿ ಹೋಗಿ ಮಾಮೂಲಿ ಗಂಟೆ ಲೆಕ್ಕ ಶುರು.

ಬೂಮ್‌ಗೇಟ್

ಮೈಲಿಗಲ್ಲು ಅವರು ಜಾಗದ ವಿಷಯ ಹೇಳಿದ್ದಾರೆ, ನಾನು ಬುಕಿಂಗ್ ವಿಷಯಕ್ಕೆ ಬರುತ್ತೇನೆ.

ಬುಕ್ ಮಾಡಿದರೆ ನಿಮ್ಮ ಹೆಸರು ಬರೆದ ಚೌಕ ಕಾದಿರುವುದಿಲ್ಲ. ಬಹುಪಾಲು ಕಡೆ ಸಿಗುವುದು ಒಳಗೆ ಬರುವ ಹಕ್ಕು ಮಾತ್ರ. ಒಟ್ಟು ಜಾಗದಲ್ಲಿ ಒಂದನ್ನು ಲೆಕ್ಕದಿಂದ ತೆಗೆದಿಟ್ಟಿರುತ್ತಾರೆ, ಒಳಗೆ ಹೋದ ಮೇಲೆ ಖಾಲಿ ಕಂಡಲ್ಲಿ ನೀವೇ ನಿಲ್ಲಿಸಬೇಕು. ನಿರ್ದಿಷ್ಟ ಸಂಖ್ಯೆಯ ಜಾಗ ಸಿಗುವ ಕಡೆ ಆ ಸಂಖ್ಯೆ ನಿಮ್ಮ ರಸೀದಿಯಲ್ಲೇ ಬಂದಿರುತ್ತದೆ.

10ರಿಂದ 2 ಎಂದು ಬುಕ್ ಮಾಡಬೇಡಿ. 9:30ರಿಂದ 3 ಎಂದು ಮಾಡಿ. ಕಾರಣ ಕೇಳಿ. ಬುಕಿಂಗ್ ಶುರುವಾಗುವ ಮುನ್ನ ಬಂದರೆ ಗೇಟು ತೆರೆಯದೆ ಇರಬಹುದು, ಅಥವಾ ಆ ಹೆಚ್ಚುವರಿ ನಿಮಿಷಗಳಿಗೆ ಬೇರೆ ದುಡ್ಡು ಹಾಕಬಹುದು. ತಡವಾಗಿ ಬಂದರೆ ಮುಗಿಯುವ ಸಮಯ ಮುಂದಕ್ಕೆ ಹೋಗುವುದಿಲ್ಲ, 10:40ಕ್ಕೆ ಬಂದರೂ ಮುಗಿಯುವುದು ಅದೇ ಹೊತ್ತಿಗೆ. ಮುಗಿದ ಮೇಲೆ ಉಳಿದ ಸಮಯಕ್ಕೆ ಬುಕಿಂಗ್ ದರ ಅನ್ವಯಿಸುವುದಿಲ್ಲ, ಗೇಟಿನ ದರ ಹಾಕುತ್ತಾರೆ, ಅದು ಬಹುತೇಕ ಹೆಚ್ಚೇ. ನೀವು ಜನರನ್ನು ಇಳಿಸಿ, ನಿಲ್ಲಿಸಿ, ನಡೆದು, ಮತ್ತೆ ನಡೆದು ಬಂದು ಕಾರು ತೆಗೆಯಬೇಕು. ಕಾರ್ಯಕ್ರಮದ ದಿನ ಶುರುವಿನಲ್ಲಿ ಅರ್ಧ ಗಂಟೆ, ಕೊನೆಯಲ್ಲಿ ಒಂದು ಗಂಟೆ ಹೆಚ್ಚಿಗೆ ಕೈಯಲ್ಲಿರಲಿ. ಮುಗಿಯುವ ಸಮಯವನ್ನು ಅರ್ಧರ್ಧ ಗಂಟೆ ಮುಂದಕ್ಕೆ ಸರಿಸುತ್ತಾ ಬೆಲೆ ನೋಡಿ. ಎಷ್ಟೋ ಸಲ ಒಂದು ಗಂಟೆ ಹೆಚ್ಚಿಸಿದರೂ ಬೆಲೆ ಅಲುಗಾಡುವುದಿಲ್ಲ.

ಇನ್ನೊಂದು ಮುಖ್ಯವಾದದ್ದು. ಹೆಚ್ಚಿನ ಬುಕಿಂಗ್‌ಗಳು ಒಂದೇ ಸಲದ ಪ್ರವೇಶಕ್ಕೆ. ಒಳಗೆ ನಿಲ್ಲಿಸಿ, ‘ಅಯ್ಯೋ ಹಿರಿಯರನ್ನು ಗೇಟಿಗೆ ಬಿಟ್ಟು ಬರೋಣ’ ಎಂದು ಹೊರಗೆ ತೆಗೆದರೆ ಬುಕಿಂಗ್ ಅಲ್ಲಿಗೆ ಮುಗಿಯಿತು. ಮೊದಲು ಇಳಿಸುವುದು, ಆಮೇಲೆ ನಿಲ್ಲಿಸುವುದು. ಹೊರಡುವಾಗಲೂ ಕಾರು ತೆಗೆದ ಮೇಲೆ ಸೀದಾ ಗೇಟಿಗೆ ಹೋಗಿ ಹತ್ತಿಸಿಕೊಳ್ಳಿ.

ಗೇಟಿನಲ್ಲಿ ತಕರಾರು ಎಲ್ಲಿ ಬರುತ್ತದೆ ಅಂದಿರಲ್ಲ, ಮೊದಲನೆಯದು ನಂಬರ್ ಪ್ಲೇಟ್. ಕ್ಯಾಮೆರಾ ಪ್ಲೇಟ್ ಓದಿ ಬುಕಿಂಗ್ ಜೊತೆ ತಾಳೆ ನೋಡುತ್ತದೆ. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ, ಒಂದರ ಜಾಗದಲ್ಲಿ ಐ ಅಕ್ಷರ ಹೊಡೆದಿದ್ದರೆ ತಾಳೆಯಾಗುವುದಿಲ್ಲ. ಆ್ಯಪ್‌ನಲ್ಲಿ ಹಳೆಯ ಕಾರಿನ ಸಂಖ್ಯೆ ಉಳಿದಿರುವುದು, ಬೇರೆ ಕಾರು ತಂದಿರುವುದು, ಪ್ಲೇಟಿನ ಮೇಲೆ ಕೆಸರು ಮೆತ್ತಿರುವುದು ಇವೆಲ್ಲ ಮಾಮೂಲು. ಸಂಖ್ಯೆಯನ್ನು ಶುರುವಾಗುವ ಸಮಯದವರೆಗೂ ತಿದ್ದಲು ಸಾಮಾನ್ಯವಾಗಿ ಬಿಡುತ್ತಾರೆ, ಹೊರಡುವ ಮುನ್ನ ಒಮ್ಮೆ ಕಾರಿನ ಮುಂದೆ ನಿಂತೇ ತಾಳೆ ನೋಡಿ.

ಎರಡನೆಯದು ಟಿಕೆಟ್ ಗುಂಡಿ. ದುಡ್ಡು ಎರಡು ಸಲ ಹೋಗುವುದು ಬಹುಪಾಲು ಇದರಿಂದಲೇ. ಗೇಟಿನ ಮುಂದೆ ಕಾರು ನಿಲ್ಲುತ್ತದೆ, ಕಂಬದ ಮೇಲೆ ಹಸಿರು ಗುಂಡಿ ಮಿನುಗುತ್ತದೆ, ಹಿಂದಿನವರು ಹಾರನ್ ಹೊಡೆಯುತ್ತಾರೆ, ಕೈ ತಾನಾಗಿ ಗುಂಡಿ ಒತ್ತುತ್ತದೆ. ಒತ್ತಿದರೆ ಯಂತ್ರದ ಲೆಕ್ಕದಲ್ಲಿ ನೀವು ಬುಕಿಂಗ್ ಇಲ್ಲದೆ ಬಂದ ಹೊಸ ಗಿರಾಕಿ. ಕ್ಯಾಮೆರಾ ಓದಲು ಐದಾರು ಸೆಕೆಂಡು ಕೊಡಿ. ಕೋಡ್ ಸ್ಕ್ಯಾನ್ ಮಾಡುವ ಗೇಟಾದರೆ ಫೋನಿನ ಬೆಳಕು ಪೂರ್ತಿ ಏರಿಸಿ, ಯಂತ್ರದ ಗಾಜಿನಿಂದ ಒಂದು ಗೇಣು ದೂರ ಹಿಡಿಯಿರಿ, ತೀರಾ ಹತ್ತಿರ ಹಿಡಿದರೆ ಓದುವುದಿಲ್ಲ. ಆಗಲೂ ತೆರೆಯದಿದ್ದರೆ ಟಿಕೆಟ್ ಗುಂಡಿ ಬಿಟ್ಟು ಸಹಾಯದ ಗುಂಡಿ ಒತ್ತಿ, ಬುಕಿಂಗ್ ಸಂಖ್ಯೆ ಹೇಳಿ, ಅವರು ದೂರದಿಂದಲೇ ತೆರೆಯಬಲ್ಲರು. ಬೇರೆ ದಾರಿಯಿಲ್ಲದೆ ಟಿಕೆಟ್ ತೆಗೆದರೂ ಹೊರಹೋಗುವಾಗ ಅದನ್ನು ಯಂತ್ರಕ್ಕೆ ತೂರಿಸಬೇಡಿ. ಮೊದಲು ಬುಕಿಂಗ್ ತೋರಿಸಿ, ಎರಡೂ ಒಂದೇ ಕಾರಿನದು ಎಂದು ಹೇಳಿ.

ಬೇಸ್‌ಮೆಂಟ್‌ನಲ್ಲಿ ನೆಟ್‌ವರ್ಕ್ ಇರುತ್ತದೆಂದು ನಂಬಬೇಡಿ. ಕೋಡ್, ಬುಕಿಂಗ್ ಸಂಖ್ಯೆ, ವಿಳಾಸ ಮೂರೂ ಕಾಣುವ ಸ್ಕ್ರೀನ್‌ಶಾಟ್ ರಸ್ತೆಯಲ್ಲಿರುವಾಗಲೇ ತೆಗೆದಿಟ್ಟುಕೊಳ್ಳಿ.

ನೆರಳುದಾರಿ

ತುಂಬಾ ಉಪಕಾರವಾಯಿತು. ಮೊದಲ ಪ್ರಶ್ನೆಯಲ್ಲಿ ಬಿಟ್ಟುಹೋದದ್ದೊಂದಿದೆ. ಕಾರಿನ ಎತ್ತರ 1.7 ಮೀಟರ್, ಮೇಲೆ 40 ಸೆಂ.ಮೀ. ಎತ್ತರದ ಲಗೇಜ್ ಬಾಕ್ಸ್ ಕೂರಿಸಿದೆ. ಆ ಬೇಸ್‌ಮೆಂಟ್‌ನ ಮಿತಿ 2.1 ಮೀಟರ್ ಎಂದು ಬರೆದಿದ್ದಾರೆ. ಸರಿಯಾಗಿ ಹಿಡಿಸುತ್ತದೆ ಅಲ್ಲವೇ? ಮತ್ತೆ, ಮಳೆ ಬಂದರೆ ರದ್ದು ಮಾಡಬೇಕಾಗಬಹುದು, ದುಡ್ಡು ವಾಪಸ್ ಬರುತ್ತದೆಯೇ?

ಇಳಿಜಾರು

ಹಿಡಿಸುವುದಿಲ್ಲ. ದಯವಿಟ್ಟು ಹೋಗಬೇಡಿ.

1.7ಕ್ಕೆ 0.4 ಸೇರಿಸಿದರೆ 2.1 ನಿಜ, ಆದರೆ ಬಾಕ್ಸ್ ನೇರವಾಗಿ ಕಾರಿನ ಮೇಲೆ ಕೂತಿರುವುದಿಲ್ಲ. ಅಡಿಯಲ್ಲಿ ಅಡ್ಡಪಟ್ಟಿಗಳಿವೆ, ಅವು ಇನ್ನೂ ಹಲವು ಸೆಂ.ಮೀ. ಎತ್ತುತ್ತವೆ. ಒಟ್ಟು 2.2 ಮೀಟರ್ ಸಮೀಪ ಬಂದೀತು. ಅಂದಾಜು ಬಿಟ್ಟು ಅಳೆದೇ ನೋಡಿ: ಕಾರನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಬಾಕ್ಸಿನ ನೆತ್ತಿಯ ಮೇಲೆ ಉದ್ದನೆಯ ನೇರ ಪಟ್ಟಿಯೊಂದನ್ನು ಅಡ್ಡಲಾಗಿ ಹಿಡಿದು, ಅದರ ತುದಿಯಿಂದ ನೆಲಕ್ಕೆ ಟೇಪು ಬಿಡಿ. ಒಳಗೆ ಯಾರೂ ಕೂತಿರಬಾರದು, ಡಿಕ್ಕಿಯೂ ಖಾಲಿಯಿರಲಿ. ಭಾರ ಇಳಿದಾಗ ಸ್ಪ್ರಿಂಗ್ ಸಡಿಲಾಗಿ ಕಾರು ಸ್ವಲ್ಪ ಮೇಲೇಳುತ್ತದೆ. ಗೇಟಿನಲ್ಲಿ ಜನರನ್ನು ಇಳಿಸಿ ಹೋಗುವ ನಿಮಗೆ ಆ ಮೇಲೆದ್ದ ಎತ್ತರವೇ ಲೆಕ್ಕ.

ಫಲಕದ ಸಂಖ್ಯೆಗಿಂತ 10 ಸೆಂ.ಮೀ. ಕಡಿಮೆಯಿದ್ದರೆ ಮಾತ್ರ ಧೈರ್ಯ ಮಾಡಬೇಕು. ಕಷ್ಟ ಬರುವುದು ರ‍್ಯಾಂಪ್ ಇಳಿದು ಸಮನೆಲಕ್ಕೆ ಸೇರುವ ತಿರುವಿನಲ್ಲಿ. ಮುಂದಿನ ಗಾಲಿ ಸಮನೆಲದಲ್ಲಿ, ಹಿಂದಿನ ಗಾಲಿ ಇನ್ನೂ ಇಳಿಜಾರಿನಲ್ಲಿ ಇರುವಾಗ ಕಾರಿನ ನಡು, ಅದರ ಅಡಿಯ ನೆಲದಿಂದ ಮಾಮೂಲಿಗಿಂತ ಎತ್ತರದಲ್ಲಿ ಇರುತ್ತದೆ. ಅಷ್ಟರ ಮಟ್ಟಿಗೆ ಮೇಲಿನ ತೊಲೆ ಹತ್ತಿರ ಬಂದ ಹಾಗೆ. ಎತ್ತರದ ಮಿತಿ ತೋರಿಸಲು ಪಾರ್ಕಿಂಗ್ ಗೇಟಿನಲ್ಲಿ ತೂಗುವ ಪಟ್ಟಿಗೆ ತಾಗದೆ ಹೋದ ಕಾರು ಅಲ್ಲಿ ಸಿಕ್ಕಿಕೊಂಡರೆ ಹಿಂದಿನ ಕಾರುಗಳನ್ನೆಲ್ಲ ಹಿಂದಕ್ಕೆ ಸರಿಸದೆ ಹೊರಬರಲು ದಾರಿಯಿಲ್ಲ.

ನಾಲ್ಕು ಗಂಟೆಯ ತಿರುಗಾಟಕ್ಕೆ ಬಾಕ್ಸ್ ಬೇಕಿಲ್ಲದಿದ್ದರೆ ಬಿಚ್ಚಿಡಿ, ತಳ್ಳುಗಾಡಿ ಡಿಕ್ಕಿಯಲ್ಲಿ ಹಿಡಿಸುತ್ತದೆ. ಬೇಕೇ ಬೇಕು ಎಂದಾದರೆ ಬಯಲು ಪಾರ್ಕಿಂಗ್ ಹುಡುಕಿ. ಆ್ಯಪ್‌ನ ಫಿಲ್ಟರ್‌ನಲ್ಲಿ ‘ತೆರೆದ ಜಾಗ’ ಎಂದಿರುತ್ತದೆ.

ಬುಕ್ ಮಾಡುವಾಗ ‘ಯಾಂತ್ರಿಕ’ ಅಥವಾ ‘ಸ್ಟ್ಯಾಕ್’ ಎಂಬ ಮಾತು ಕಂಡರೆ ನಿಂತು ಓದಿ. ಕಾರನ್ನು ತಟ್ಟೆಯ ಮೇಲೆ ನಿಲ್ಲಿಸಿ ಮೇಲಕ್ಕೋ ಕೆಳಕ್ಕೋ ಸಾಗಿಸುವ ವ್ಯವಸ್ಥೆ ಅದು. ಉದ್ದ, ಅಗಲ, ಎತ್ತರ, ತೂಕ ನಾಲ್ಕಕ್ಕೂ ಮಿತಿ ಇರುತ್ತದೆ. ಬ್ಯಾಟರಿಯ ಕಾರುಗಳು ಅಷ್ಟೇ ಗಾತ್ರದ ಪೆಟ್ರೋಲ್ ಕಾರಿಗಿಂತ ಭಾರ, ತೂಕದಲ್ಲೇ ಹೊರಬೀಳಬಹುದು. ಒಮ್ಮೆ ಮೇಲೆ ಹೋದ ಕಾರಿನಿಂದ ಮಗುವಿನ ಹಾಲಿನ ಬಾಟಲಿ ತೆಗೆಯಬೇಕೆಂದರೂ ಇಡೀ ಕಾರನ್ನು ಇಳಿಸಬೇಕು.

ಜಾಗದ ಅಗಲವನ್ನೂ ನೋಡಿ. ಸುಮಾರು 2.5 ಮೀಟರ್ ಅಗಲದ ಚೌಕದಲ್ಲಿ 1.8 ಮೀಟರಿನ ಕಾರು ನಿಂತರೆ ಉಳಿಯುವುದು 70 ಸೆಂ.ಮೀ., ಬದಿಗೆ 35. ಪಕ್ಕದ ಕಾರೂ ಅಷ್ಟೇ ಬಿಟ್ಟಿದ್ದರೆ ನಡುವೆ 70 ಸಿಗುತ್ತದೆ, ಗೆರೆಗೆ ಅಂಟಿ ನಿಂತಿದ್ದರೆ 35 ಮಾತ್ರ. ಅಷ್ಟರಲ್ಲಿ ಮಗುವಿನ ಸೀಟಿನ ಬೆಲ್ಟು ಬಿಚ್ಚಲಾಗದು, ಮಂಡಿ ಮಡಚಲಾಗದವರು ಇಳಿಯಲಾಗದು. ಗೇಟಿನಲ್ಲೇ ಇಳಿಸಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ. ಅಂಗವಿಕಲರಿಗೆ ಮೀಸಲಾದ ಅಗಲದ ಜಾಗ ಅವರ ಪರವಾನಗಿ ಚೀಟಿ ಇರುವವರಿಗೆ ಮಾತ್ರ. ಹಿರಿಯರ ಹೆಸರಿನಲ್ಲಿ ಚೀಟಿ ಇದ್ದರೆ ತನ್ನಿ, ಬುಕ್ ಮಾಡುವ ಮುನ್ನವೇ ವಿಚಾರಿಸಿ.

ರದ್ದತಿ: ‘ಉಚಿತ ರದ್ದತಿ’ ಎಂಬುದರ ಕೆಳಗಿನ ಸಾಲು ಓದಿ. ಶುರುವಾಗುವ ಕ್ಷಣದವರೆಗೋ, 24 ಗಂಟೆ ಮುಂಚೆಯವರೆಗೋ? ಮಳೆಯ ಅನುಮಾನಕ್ಕೆ ಎರಡನೆಯದು ಉಪಯೋಗಕ್ಕೆ ಬರುವುದಿಲ್ಲ. ದುಡ್ಡು ಖಾತೆಗೆ ಬರುತ್ತದೋ, ಆ್ಯಪ್‌ನೊಳಗೆ ಜಮೆಯಾಗಿ ಉಳಿಯುತ್ತದೋ ನೋಡಿ. ಸೇವಾ ಶುಲ್ಕ ವಾಪಸ್ ಬಾರದಿರುವುದೂ ಉಂಟು.

ಫುಟ್‌ಪಾತ್

ಇಲ್ಲಿಯವರೆಗೆ ಎಲ್ಲರೂ ಬುಕ್ ಮಾಡುವುದನ್ನೇ ಹೇಳಿದ್ದೀರಿ. ಕಾರ್ಯಕ್ರಮದ ಭಾನುವಾರಕ್ಕೆ ಅದು ಸರಿ, ನಾನೂ ಒಪ್ಪುತ್ತೇನೆ. ಆದರೆ ಇದನ್ನು ಓದುವ ಬೇರೆಯವರಿಗೆ ಹೇಳುವುದೇನೆಂದರೆ, ವಾರದ ನಡುವಿನ ಬೆಳಿಗ್ಗೆ ಬುಕಿಂಗ್‌ಗೆ ಸೇವಾ ಶುಲ್ಕ ಕೊಡಬೇಡಿ. ಆ ಹೊತ್ತಿಗೆ ಉದ್ಯಾನದ ಸುತ್ತ ಬೀದಿ ಬದಿಯ ಜಾಗವೇ ಸಾಮಾನ್ಯವಾಗಿ ಸಿಗುತ್ತದೆ. ಕೊನೆಯ ಪರದೆಯಲ್ಲಿ ಕಾಣುವ ಒಟ್ಟು ಮೊತ್ತವನ್ನು ಗೇಟಿನ ದರದ ಜೊತೆ ಹೋಲಿಸಿ, ಮೊದಲ ಪರದೆಯ ದೊಡ್ಡ ಅಕ್ಷರದ ಬೆಲೆಯಲ್ಲಿ ಎಷ್ಟೋ ಸಲ ಶುಲ್ಕ ಸೇರಿರುವುದಿಲ್ಲ.

ಬೀದಿ ಬದಿ ನಿಲ್ಲಿಸುವಾಗ ಕಂಬದ ಎಲ್ಲ ಫಲಕಗಳನ್ನೂ ಮೇಲಿನಿಂದ ಕೆಳಕ್ಕೆ ಓದಿ. ಒಂದರಲ್ಲಿ ‘2 ಗಂಟೆ ಮಾತ್ರ’, ಅದರ ಕೆಳಗೆ ‘ಸರಕು ಇಳಿಸುವ ಹೊತ್ತು’, ಅದರ ಕೆಳಗೆ ಬಾಣದ ಗುರುತು. ಬಾಣ ಯಾವ ಕಡೆಗಿದೆಯೋ ನಿಯಮ ಆ ಕಡೆಗೆ. ಕಾರ್ಯಕ್ರಮದ ದಿನ ಕಂಬಕ್ಕೆ ಕಟ್ಟಿದ ತಾತ್ಕಾಲಿಕ ಫಲಕ ಕಾಯಂ ಫಲಕದ ಮಾತನ್ನು ರದ್ದು ಮಾಡುತ್ತದೆ, ಕಾರು ಎಳೆದುಕೊಂಡು ಹೋಗುವುದು ಹೆಚ್ಚಾಗಿ ಇದನ್ನು ಗಮನಿಸದೆ ನಿಲ್ಲಿಸಿದಾಗಲೇ. ಫಲಕ ಮತ್ತು ಕಾರು ಎರಡೂ ಒಟ್ಟಿಗೆ ಬರುವಂತೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅವಧಿ ಮೀರಿದ ದಂಡದ ಬಗ್ಗೆ ವಾದ ಬಂದರೆ ಅದೇ ಸಾಕ್ಷಿ.

ಕಂಬದ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಮುನ್ನ ಬೆರಳಿನಿಂದ ಸವರಿ. ಅಸಲಿ ಫಲಕದ ಮೇಲೆ ಬೇರೆ ಸ್ಟಿಕರ್ ಅಂಟಿಸಿ ದುಡ್ಡು ಹೊಡೆಯುವ ಮೋಸ ಅನೇಕ ನಗರಗಳಲ್ಲಿ ನಡೆದಿದೆ. ಅಂಚು ಎದ್ದಿದ್ದರೆ, ಪಕ್ಕದ ಕಂಬದ ಕೋಡಿಗಿಂತ ಬೇರೆ ಥರ ಕಂಡರೆ ಬಿಟ್ಟುಬಿಡಿ. ಆ್ಯಪ್ ತೆರೆದು ಫಲಕದಲ್ಲಿರುವ ಜಾಗದ ಸಂಖ್ಯೆಯನ್ನು ಕೈಯಾರೆ ಹಾಕುವುದು ಎಲ್ಲಕ್ಕಿಂತ ಸುರಕ್ಷಿತ.

ಉದ್ಯಾನಕ್ಕೆ ಅಂಟಿದ ಜಾಗಕ್ಕೆ ಯಾಕಿಷ್ಟು ದರ ಎಂದು ಬೇಸರವಾಗುವುದು ಸಹಜ, ಆದರೆ ಅದಕ್ಕೊಂದು ತರ್ಕವಿದೆ. ಪಾರ್ಕಿಂಗ್ ಮೀಟರ್ ಮೊದಲು ಬಂದದ್ದು 1935ರಲ್ಲಿ, ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ. ದಿನವಿಡೀ ಒಂದೇ ಕಾರು ನಿಂತು ಬೇರೆಯವರಿಗೆ ಜಾಗ ಸಿಗದಿರುವುದನ್ನು ತಪ್ಪಿಸುವುದೇ ಅದರ ಉದ್ದೇಶವಾಗಿತ್ತು. ಆಮೇಲೆ ಡೊನಾಲ್ಡ್ ಶೂಪ್ ಎಂಬ ನಗರಯೋಜನೆಯ ಪ್ರಾಧ್ಯಾಪಕರು, ಬೀದಿಯ ಜಾಗ ಸುಮಾರು 85 ಪ್ರತಿಶತ ತುಂಬಿ, ಒಂದೆರಡು ಸದಾ ಖಾಲಿ ಉಳಿಯುವಂತೆ ದರ ಇಡಬೇಕು ಎಂದು ವಾದಿಸಿದರು. ಸ್ಯಾನ್ ಫ್ರಾನ್ಸಿಸ್ಕೊ 2011ರಿಂದ ಬೀದಿ ಬೀದಿಗೂ ಹೊತ್ತು ಹೊತ್ತಿಗೂ ದರ ಬದಲಿಸುವ ಪ್ರಯೋಗ ಮಾಡಿತು. ಜಾಗಕ್ಕಾಗಿ ಸುತ್ತು ಹೊಡೆಯುವ ಕಾರುಗಳ ಬಗ್ಗೆ 1927ರಿಂದ 2001ರವರೆಗಿನ ಅಧ್ಯಯನಗಳನ್ನು ಶೂಪ್ ಒಟ್ಟುಗೂಡಿಸಿದಾಗ ಹುಡುಕಾಟದ ಸರಾಸರಿ 8 ನಿಮಿಷ ಬಂದಿತ್ತು. ದಟ್ಟಣೆ ಇರುವ ಕಡೆಯೇ ನೋಡಿದ ಅಧ್ಯಯನಗಳು ಅವು, ಎಲ್ಲೆಡೆ ಹೀಗೆ ಎಂದಲ್ಲ. ಉದ್ಯಾನದ ಕಾರ್ಯಕ್ರಮದ ದಿನ ಮಾತ್ರ ಅಂಥದ್ದೇ ದಟ್ಟಣೆ. ಸುತ್ತು ಹೊಡೆದು ಕೊನೆಗೆ ಸಿಗುವ ಜಾಗ 600 ಮೀಟರ್ ಆಚೆಯದ್ದೇ ಆಗಿದ್ದರೆ ಮೊದಲೇ ಅಲ್ಲಿಗೆ ಹೋಗುವುದು ಮೇಲು.

ಮೈಲಿಗಲ್ಲು

ಎತ್ತರದ ವಿಷಯ ಇಳಿಜಾರು ಅವರು ಸರಿಯಾಗಿ ಹಿಡಿದರು. ಹೊರಡುವ ಹೊತ್ತಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ.

ಕಾರ್ಯಕ್ರಮ 1ಕ್ಕೆ ಮುಗಿಯುತ್ತದೆ ಅಂದಿರಿ. 1ರಿಂದ 1:40ರವರೆಗೆ ಎಲ್ಲ ಪಾರ್ಕಿಂಗ್ ಗೇಟುಗಳಲ್ಲೂ ಸಾಲು ಇರುತ್ತದೆ, ನಿಮ್ಮ 2 ಗಂಟೆ ಒಳ್ಳೆಯ ಹೊತ್ತು. ಬೇಗ ಹೊರಡಬೇಕಾದರೆ 12:40ಕ್ಕೇ ಎದ್ದುಬಿಡಿ, ನಡುವಿನ ಹೊತ್ತು ಬೇಡ. ಜಾಗ ಆರಿಸುವಾಗಲೇ ರಂಗಮಂದಿರಕ್ಕೆ ಹತ್ತಿರದ ಗೇಟಿನ ಬದಿ ಬಿಟ್ಟು ಬೇರೆ ಬದಿಯಲ್ಲಿ ನೋಡಿ, ಜನ ಇಳಿಸಲೂ ಅಲ್ಲಿ ಸುಲಭ. ಒಳಗೆ ಹೋದ ಮೇಲೆ ಕಾರನ್ನು ರಿವರ್ಸ್ ಹಾಕಿ ನಿಲ್ಲಿಸಿ. ಸಾಲು ಹರಿಯುತ್ತಿರುವಾಗ ಹಿಂದಕ್ಕೆ ತೆಗೆಯಲು ಯಾರೂ ದಾರಿ ಬಿಡುವುದಿಲ್ಲ, ಮೂತಿ ಹೊರಗಿದ್ದರೆ ಬಿಡುತ್ತಾರೆ.

ಬುಕ್ ಮಾಡದೆ ಟಿಕೆಟ್ ತೆಗೆದು ಹೋದವರಿಗೆ: ಯಂತ್ರದಲ್ಲಿ ದುಡ್ಡು ಕಟ್ಟಿದ ಮೇಲೆ ಹೊರಬೀಳಲು ಹೆಚ್ಚಿನ ಕಡೆ 10ರಿಂದ 15 ನಿಮಿಷ ಕೊಡುತ್ತಾರೆ. ಸಾಲು ಕದಲದೆ ನಿಂತಿರುವಾಗ ಕಟ್ಟಿದರೆ ಗೇಟು ತಲುಪುವಷ್ಟರಲ್ಲಿ ಅವಧಿ ಮುಗಿದು ಮತ್ತೆ ಕಟ್ಟಿ ಎನ್ನುತ್ತದೆ. ಮೊದಲು ರ‍್ಯಾಂಪ್ ಕಡೆ ನೋಡಿ, ಸಾಲು ಚಲಿಸುತ್ತಿದ್ದರೆ ಕಟ್ಟಿ. ಟಿಕೆಟ್ ಕಳೆದರೆ ಇಡೀ ದಿನದ ದರ ಹಾಕುವುದೇ ರೂಢಿ. ಅದನ್ನು ಕಾರಿನಲ್ಲಿ ಬಿಡಬೇಡಿ, ದುಡ್ಡು ಕಟ್ಟುವ ಯಂತ್ರ ಮೆಟ್ಟಿಲ ಬಳಿಯೋ ಲಿಫ್ಟಿನ ಬಳಿಯೋ ಇರುವುದರಿಂದ ಚೀಟಿ ಕೈಯಲ್ಲೇ ಬೇಕು.

ಬ್ಯಾಟರಿ ಕಾರಿನವರು ಚಾರ್ಜಿಂಗ್ ಚೌಕವನ್ನು ನಾಲ್ಕು ಗಂಟೆಗೆ ಹಿಡಿದಿಡಬೇಡಿ. ಚಾರ್ಜ್ ತುಂಬಿದ ಮೇಲೂ ಅಲ್ಲೇ ನಿಂತಿದ್ದರೆ ನಿಮಿಷದ ಲೆಕ್ಕದಲ್ಲಿ ಬೇರೆ ಶುಲ್ಕ ಹಾಕುವ ಕಡೆಗಳಿವೆ, ಬುಕಿಂಗ್ ಅದನ್ನು ಒಳಗೊಂಡಿರುವುದಿಲ್ಲ.

ನೆರಳುದಾರಿ ಅವರೇ, ಬಾಕ್ಸ್ ಬಿಚ್ಚುವುದಾದರೆ ಆ ಕಚೇರಿ ಬೇಸ್‌ಮೆಂಟನ್ನೇ 9:30ರಿಂದ 3ಕ್ಕೆ ಹಾಕಿ ನೋಡಿ, ಭಾನುವಾರ ಲಿಫ್ಟು ತೆರೆದಿರುತ್ತದೆಯೇ ಎಂದು ಫೋನ್ ಮಾಡಿ ಕೇಳಿಕೊಂಡು ಬುಕ್ ಮಾಡಿ. ಬಿಚ್ಚುವುದಿಲ್ಲ ಎಂದಾದರೆ ಬಯಲು ಜಾಗಗಳ ಹೆಸರು, ಯಾವ ಗೇಟು ಎಂಬುದನ್ನು ಇಲ್ಲಿ ಹಾಕಿ, ನಡಿಗೆಯ ದೂರ ನೋಡಿ ಹೇಳೋಣ.